ಕೆಂಪು ರೋಬೋ ಉದುರಿದ್ದು

"ಅಪ್ಪಾ, ಆ ಬೂದಿ ಬಣ್ಣದ ತಗಡು ಬೇಡ. ಈ ಹೂ ಇರೋದೇ ಬೇಕು," ಎಂದು ಚೂಟಿ ಹೊಳೆಯುವ ತಗಡಿನ ಮೇಲೆ ಎರಡೂ ಕೈ ಊರಿ ನಿಂತಳು.

ಅಪ್ಪ ತಗಡಿನಲ್ಲಿ ಬಕೆಟ್, ಪೆಟ್ಟಿಗೆ ಮಾಡುವವನು. ಮರುದಿನ ಶಾಲೆಯ ನಾಟಕದಲ್ಲಿ ಚೂಟಿ ಬೆಂಕಿ ಆರಿಸುವ ಕೆಂಪು ರೋಬೋ. ಅವಳಿಗಿದ್ದದ್ದು ಒಂದೇ ಮಾತು. ಅದಕ್ಕೇ ಉಡುಪಾದರೂ ಭರ್ಜರಿಯಾಗಿರಬೇಕು ಎಂದು ಅವಳ ಆಸೆ.

ಎರಡೂ ಒಂದೇ ಉಕ್ಕು ಎಂದು ಅಪ್ಪ ತಿಳಿಸಿ ಹೇಳಿದ. ಎರಡನ್ನೂ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುತ್ತಾರಂತೆ, ಜೋರಾಗಿ ಗಾಳಿ ಊದಿ ಹೆಚ್ಚಾದ ಸತುವನ್ನು ಕೆಳಗಿಳಿಸುತ್ತಾರಂತೆ. ಹಾಗೇ ಆರಲು ಬಿಟ್ಟರೆ ಸತು ಹರಳುಗಟ್ಟಿ ಮೇಲೆ ಹೂವಿನಂಥ ಚಿತ್ತಾರ ಮೂಡುತ್ತದೆ. ಆರುವ ಮೊದಲೇ ಮತ್ತೆ ಕಾಯಿಸಿದರೆ ಸತುವಿನೊಳಗೆ ಕಬ್ಬಿಣ ಬೆರೆತು ತಗಡು ಮಂಕಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಬಣ್ಣ ಗಟ್ಟಿಯಾಗಿ ಹಿಡಿಯುವುದು ಆ ಮಂಕು ತಗಡಿಗೇ.

"ಬಣ್ಣ ಬಳಿದ ಮೇಲೆ ಹೂ ಎಲ್ಲಿ ಕಾಣುತ್ತೆ?" ಎಂದ ಅಪ್ಪ.

"ನಂಗೆ ಗೊತ್ತಿರುತ್ತಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮಗಳ ಜೊತೆ ಎಷ್ಟು ಹೊತ್ತು ವಾದ ಮಾಡುವುದು? ಅಪ್ಪ ಹೂವಿನ ತಗಡನ್ನೇ ಕತ್ತರಿಸಿ ಮಡಚಿಕೊಟ್ಟ. ಚೂಟಿ ತಗಡಿಗೆ ಮೂರು ಸಲ, ಮೂಗಿಗೆ ಒಂದು ಸಲ ಕೆಂಪು ಬಳಿದಳು.

ನಾಟಕದಲ್ಲಿ ಬೆಂಕಿಯಾಗಿದ್ದವನು ಅವಳ ತರಗತಿಯ ಗಿಡ್ಡ. ಕಿತ್ತಳೆ ಬಣ್ಣದ ಬಟ್ಟೆ ಸುತ್ತಿಕೊಂಡು ಒಂಟಿಕಾಲಲ್ಲಿ ಕುಣಿಯುತ್ತಿದ್ದ. ರೋಬೋ ಟಣ್ ಟಣ್ ಎಂದು ಬಂತು. ಮೊದಲ ಹೆಜ್ಜೆಗೆ ಭುಜದ ಬಣ್ಣ ಉದುರಿತು, ಎರಡನೆಯದಕ್ಕೆ ಹೊಟ್ಟೆಯದು. "ನಾನು ಕೆಂಪು ರೋಬೋ," ಎಂದು ಅವಳು ಎದೆ ತಟ್ಟಿದ್ದೇ ತಡ, ಎದೆಯ ಬಣ್ಣ ಅಂಗೈ ಅಗಲ ಎದ್ದು ಹಾರಿ ಬೆಂಕಿಯ ತಲೆಯ ಮೇಲೆ ಕೂತಿತು.

ಸಭೆಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚೂಟಿಗೆ ನಾಚಿಕೆಯಿಂದ ಅಳುವೇ ಬಂತು. ಇದ್ದ ಒಂದೇ ಮಾತಿನ ಉಳಿದರ್ಧ ಮರೆತೇಹೋಯಿತು.

"ಬೇಗ ಆರಿಸೇ, ಕಾಲು ನೋಯ್ತಿದೆ," ಎಂದು ಬೆಂಕಿ ಪಿಸುಗುಟ್ಟಿತು.

ಚೂಟಿ ಬಣ್ಣ ಹೋಗಿ ಬೋಳಾದ ಎದೆಯ ತಗಡನ್ನು ನೋಡಿಕೊಂಡಳು. "ನಾನು... ಸ್ವಲ್ಪ ಹೊತ್ತಿನ ಮುಂಚೆ ಕೆಂಪಗಿದ್ದ ರೋಬೋ. ಬೆಂಕಿಗೂ ಹೆದರಲ್ಲ," ಎಂದು ಗಿಡ್ಡನನ್ನು ಉಫ್ ಎಂದು ಊದಿ ಕೆಡವಿದಳು. ಚಪ್ಪಾಳೆ ನಿಲ್ಲಲೇ ಇಲ್ಲ.

ಮನೆಗೆ ಹೋಗುವಾಗ "ನಾನು ಹೇಳಿರಲಿಲ್ವಾ" ಎಂದು ಅಪ್ಪ ಒಂದು ಸಲವೂ ಅನ್ನಲಿಲ್ಲ. ದಾರಿಯಲ್ಲಿ ಕೆಂಪು ಕಾರೊಂದು ನಿಂತಿತ್ತು. ಚೂಟಿ ಅದರ ಬಾಗಿಲನ್ನು ಉಗುರಿನಿಂದ ಮೆಲ್ಲಗೆ ಕೆರೆದಳು. ಬಣ್ಣ ಚೂರೂ ಏಳಲಿಲ್ಲ.

"ಬೇರೆಯವರ ಕಾರು, ಕೆರೀಬೇಡ," ಎಂದ ಅಪ್ಪ.

"ಒಳಗಿರೋದು ಆ ಬೂದಿ ಬಣ್ಣದ ತಗಡಾ?"

"ಹೂಂ. ಅದೇ."

ಚೂಟಿ ಕೆರೆದ ಜಾಗವನ್ನು ತೋಳಿನಿಂದ ಒರೆಸಿ, ಅಪ್ಪನ ಕೈ ಹಿಡಿದುಕೊಂಡಳು.