ಗೋಲ್ ಪೋಸ್ಟಿನ ಹಿಂದಿನ ಹಳದಿ ಸ್ವೆಟರ್

ಹಳದಿ ಸ್ವೆಟರ್ ಹಾಕಿದ್ದ ಹುಡುಗಿಯೊಬ್ಬಳ ಕೈಗೆ ಶರಣ್ ತನ್ನ ವಾಚ್ ಬಿಚ್ಚಿ ಕೊಟ್ಟಿದ್ದನ್ನು ಹೇಮಶ್ರೀ ಗ್ರೌಂಡಿನ ಗೇಟಿನಲ್ಲೇ ನಿಂತು ನೋಡಿದಳು. ಆ ಹುಡುಗಿ ಏನೋ ಅಂದಳು, ಅವನು ತಲೆ ಹಿಂದಕ್ಕೆ ಹಾಕಿ ನಕ್ಕ. ಜರಗನಹಳ್ಳಿಯ ಮನೆಯ ಟೆರೇಸಿನಲ್ಲಿ ತನ್ನ ಜೊತೆ ನಗುವ ನಗೆಯೇ ಅದು. ಇಷ್ಟು ದಿನ ಅದು ತನಗೊಬ್ಬಳಿಗೇ ಎಂದುಕೊಂಡಿದ್ದಳು.

ಹೇಮಾಳ ಮನೆಯ ಮೇಲಿನ ಮಹಡಿಯಲ್ಲಿ ಶರಣ್ ಬಾಡಿಗೆಗಿದ್ದ. ಕೊಟ್ಟೂರಿನವನು. ಕನಕಪುರ ರೋಡಿನ ಟೈಲ್ಸ್ ಅಂಗಡಿಯಲ್ಲಿ ಕೆಲಸ, ಭಾನುವಾರವಾದರೆ ಸಾರಕ್ಕಿಯ ಸಣ್ಣದೊಂದು ಕ್ಲಬ್ಬಿನ ಗೋಲ್‌ಕೀಪರ್. ಒಂದ್ಸಲ ಮ್ಯಾಚ್ ನೋಡೋಕೆ ಬನ್ನಿ ಎಂದು ಪ್ರತಿ ವಾರ ಕರೆಯುತ್ತಿದ್ದ. ಒಂದು ಚೆಂಡಿನ ಹಿಂದೆ ಅಷ್ಟೊಂದು ಜನ ಓಡುವುದರಲ್ಲಿ ನೋಡುವುದೇನಿದೆ ಎಂದು ಹೇಮಾ ರೇಗಿಸಿ ಕಳಿಸುತ್ತಿದ್ದಳು. ಈ ಡಿಸೆಂಬರ್ ಮಧ್ಯಾಹ್ನ ಹೇಳದೆ ಹೋಗಿ ಎದುರಿಗೆ ನಿಲ್ಲೋಣ ಅನ್ನಿಸಿ, ಹೊಸ ಹಸಿರು ಕುರ್ತಾ ಹಾಕಿಕೊಂಡು, ಅಪ್ಪ ಗಂಗಾಧರಯ್ಯನಿಗೆ ಜಯನಗರಕ್ಕೆ ಎಂದು ಹೇಳಿ ಬಂದಿದ್ದಳು.

ತಿರುಗಿ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ. ಆಚೆ ತುದಿಯ ಗೋಲ್ ಪೋಸ್ಟಿನ ಹಿಂದಿದ್ದ ಕಲ್ಲು ಬೆಂಚಿನ ಮೇಲೆ ಕುಳಿತಳು.

ಬಿಸಿಲಿತ್ತು, ಆದರೆ ಅದರಲ್ಲಿ ಕಾವಿರಲಿಲ್ಲ. ಗಾಳಿ ಕೆಂಪು ಧೂಳನ್ನು ಎಬ್ಬಿಸಿ ತರುತ್ತಿತ್ತು. ಚೆಂಡು ಹೇಮಾ ಇದ್ದ ಕಡೆಗೆ ಬಂದಾಗಲೆಲ್ಲ ಗೇಟಿನ ಕಡೆಯ ಗೋಲ್ ಕಾಯುತ್ತಿದ್ದ ಶರಣ್‌ಗೆ ಕೆಲಸವಿರಲಿಲ್ಲ. ಕೆಲಸವಿಲ್ಲದಾಗಲೆಲ್ಲ ಅವನು ಹಿಂದೆ ತಿರುಗಿ ಹಳದಿ ಸ್ವೆಟರಿನ ಜೊತೆ ಮಾತಿಗಿಳಿಯುತ್ತಿದ್ದ. ಹೀಗಾಗಿ ಅವನ ತಂಡ ಮುನ್ನುಗ್ಗಿದರೆ ಹೇಮಾಗೆ ಸಂಕಟ, ಎದುರಾಳಿಗಳು ಚೆಂಡು ಕಸಿದುಕೊಂಡು ಅವನತ್ತ ಓಡಿದರೆ ನೆಮ್ಮದಿ. ಪಕ್ಕದಲ್ಲಿ ನಿಂತಿದ್ದ ಅಂಕಲ್ ಒಬ್ಬರು ನೀವು ಯಾವ ಟೀಮಿನವರಮ್ಮ ಎಂದು ಕೇಳಿಯೂಬಿಟ್ಟರು.

ಹಾಫ್ ಟೈಮ್ ಮುಗಿದು ತಂಡಗಳು ಬದಿ ಬದಲಿಸಿದವು. ಶರಣ್ ಈ ತುದಿಗೆ ಬರುವಾಗ ಹೇಮಾ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ಮುಖ ಮರೆಮಾಡಿಕೊಂಡಳು. ಅವನ ಹಿಂದೆಯೇ ಬಂದ ಹಳದಿ ಸ್ವೆಟರಿನವಳು ಅದೇ ಬೆಂಚಿನಲ್ಲಿ ಕುಳಿತು, ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಚಾಚಿದಳು.

ಹೆಸರು ಶ್ರೀದೇವಿಯಂತೆ. ಬಿಟಿಎಂ ಲೇಔಟಿನಲ್ಲಿ ಪುಟ್ಟ ಮಕ್ಕಳ ಟೀಚರ್. ಶರಣ್‌ನದೇ ಊರು, ಒಂದೇ ಸ್ಕೂಲು. ಎರಡೂ ಮನೆಯವರು ಮದುವೆಯ ಮಾತೆತ್ತಿದ್ದರೂ ಅವನು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಇವತ್ತು ಮ್ಯಾಚ್ ಮುಗಿದ ಮೇಲೆ ತಾನೇ ಕೇಳಿಬಿಡುವುದು ಎಂದು ಹೇಳಿ ಶ್ರೀದೇವಿ ನಾಚಿಕೊಂಡಳು. ಕೆಟ್ಟವಳಾಗಿದ್ದರೆ ದ್ವೇಷಿಸಬಹುದಿತ್ತು. ಇವಳು ನೋಡಿದರೆ ಕಡಲೆಕಾಯಿ ಸುಲಿದು ಕೈಗಿಡುತ್ತಿದ್ದಳು. ಶರಣ್ ತನಗೂ ಗೊತ್ತು ಎಂಬ ಮಾತು ಹೇಮಾಳ ಬಾಯಿಂದ ಜಾರಿಬಿಟ್ಟಿತು.

"ನಿಮಗ ಅವ ಹೆಂಗ ಪರಿಚಯ?"

"ನಮ್ಮ ಮನೇಲಿ ಬಾಡಿಗೆಗಿದ್ದಾರೆ. ನಾನು ಓನರ್ ಮಗಳು," ಎಂದಳು ಹೇಮಾ.

ಆಟ ಮುಗಿಯುವ ಹೊತ್ತಿಗೆ ಎದುರು ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಶರಣ್ ಒಬ್ಬನೇ ಗೋಲಿನ ನಡುವೆ ಕೈ ಅಗಲಿಸಿ ನಿಂತ. ಗ್ರೌಂಡು ಸದ್ದಿಲ್ಲದಾಯಿತು. ಎದುರಾಳಿ ಓಡಿ ಬರತೊಡಗಿದಾಗ ಹೇಮಾಗೆ ತಾನು ಎದ್ದು ನಿಂತಿದ್ದೂ ಗೊತ್ತಾಗಲಿಲ್ಲ, "ಶರಣ್" ಎಂದು ಕೂಗಿದ್ದೂ ಗೊತ್ತಾಗಲಿಲ್ಲ. ಅವನು ಗಕ್ಕನೆ ಹಿಂದೆ ತಿರುಗಿ, ತಲೆಯಿಂದ ದುಪಟ್ಟಾ ಜಾರಿದ್ದ ಅವಳನ್ನು ಕಂಡ. ಅಷ್ಟರಲ್ಲಿ ಚೆಂಡು ಅವನ ಪಕ್ಕದಿಂದ ಹಾದು ನೆಟ್ಟಿಗೆ ಬಿದ್ದಿತು. ತಂಡದವರು ಬಾಯಿಗೆ ಬಂದಂತೆ ಬೈದರು. ಅವನು ಮಾತ್ರ ಅವಳನ್ನೇ ನೋಡುತ್ತ ನಿಂತಿದ್ದ.

ಶ್ರೀದೇವಿ ಕಡಲೆಕಾಯಿಯ ಪೊಟ್ಟಣವನ್ನು ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ, "ಓನರ್ ಮಗಳು ಹಿಂಗ ಕೂಗಂಗಿಲ್ಲರೀ," ಎಂದಳು.

ಹೇಮಾ ಬೆಂಚಿನ ಮೇಲೆ ಮತ್ತೆ ಕುಳಿತಳು. "ನಿಮ್ಮ ಕೈಯಲ್ಲಿ ಅವರ ವಾಚ್ ನೋಡಿದಾಗಿಂದ ಹೊಟ್ಟೆ ಉರೀತಾ ಇದೆ. ನನಗೂ ಅವರೇ ಬೇಕು. ಇದನ್ನ ಅವರಿಗೇ ಇನ್ನೂ ಹೇಳಿಲ್ಲ."

"ಹಂಗಾರ ಮೊದಲು ನಾ ಕೇಳ್ತೀನಿ," ಎಂದು ಶ್ರೀದೇವಿ ಎದ್ದಳು. "ಆಮೇಲೆ ನೀವು ಹೇಳ್ರಿ."

ಮ್ಯಾಚ್ ಮುಗಿಯಿತು. ದೂರದಲ್ಲಿ ಅವರಿಬ್ಬರೂ ನಿಂತು ಮಾತಾಡಿದರು. ಹೇಮಾಗೆ ಒಂದು ಮಾತೂ ಕೇಳಿಸಲಿಲ್ಲ. ಶರಣ್ ತಲೆ ತಗ್ಗಿಸಿದ್ದು ಕಂಡಿತು, ಶ್ರೀದೇವಿ ಅವನ ತೋಳು ಮುಟ್ಟಿದ್ದೂ ಕಂಡಿತು. ಆ ಕೈ ಅಲ್ಲಿದ್ದಷ್ಟು ಹೊತ್ತೂ ಹೇಮಾ ಕಣ್ಣು ಕದಲಿಸಲಿಲ್ಲ. ನಂತರ ಶ್ರೀದೇವಿ ವಾಚ್ ಕೊಟ್ಟು ಗೇಟಿನತ್ತ ನಡೆದಳು. ಆಟೋ ಹತ್ತುವ ಮುನ್ನ ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಂಡಳು. ಹೇಮಾಗೆ ಗೆದ್ದ ಖುಷಿ ಆಗಲಿಲ್ಲ.

ಶರಣ್ ಧೂಳು ಮೆತ್ತಿದ ಮೊಣಕೈಯನ್ನು ಉಜ್ಜಿಕೊಳ್ಳುತ್ತ ಬಂದು, ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ.

"ಏನು ಹೇಳಿದ್ರಿ ಅವರಿಗೆ?"

"ಅದು ಅವಳಿಗೆ ಹೇಳಿದ್ದು. ಅಲ್ಲೇ ಇರ್ಲಿ."

ಉತ್ತರ ಚುಚ್ಚಿತು, ಹಿಡಿಸಿತು ಕೂಡ. ಅವನೇ ಮುಂದುವರಿಸಿದ. ಊರಿನ ಮನೆಯವರಿಗೆ ಉತ್ತರ ಕೊಡದೆ ಇಷ್ಟು ದಿನ ಸುಮ್ಮನಿದ್ದದ್ದು ತನ್ನದೇ ತಪ್ಪು, ಓನರ್ ಮನೆಯ ಹುಡುಗಿಯನ್ನು ಕೇಳಲು ಧೈರ್ಯ ಬಂದಿರಲಿಲ್ಲ ಎಂದ. ಗಂಗಾಧರಯ್ಯನವರು ಒಪ್ಪದೆ ರೂಮು ಖಾಲಿ ಮಾಡಿಸಿದರೆ ಬೇಗೂರಿನ ಕಡೆ ಮನೆ ಹುಡುಕಿಕೊಳ್ಳುತ್ತಾನಂತೆ, ಆದರೆ ಹೇಮಾಳನ್ನು ಬಿಡುವುದಿಲ್ಲವಂತೆ. ಅಪ್ಪನ ಹತ್ತಿರ ತಾನೇ ಮಾತಾಡುವುದಾಗಿ ಹೇಮಾ ಹೇಳಿದಳು. ಅದೇ ಅವಳ ಒಪ್ಪಿಗೆಯೂ ಆಯಿತು.

ಬಿಸಿಲು ಗ್ರೌಂಡಿನ ಗೋಡೆ ದಾಟಿ ಹೋಗಿ ಚಳಿ ಏರತೊಡಗಿತು. ಹೇಮಾಗೆ ಕೇಳದೆ ಇರಲಾಗಲಿಲ್ಲ.

"ಶ್ರೀದೇವಿ ಚೆನ್ನಾಗಿದ್ದಾರೆ, ಅಲ್ವಾ?"

"ಚೆನ್ನಾಗಿದ್ದಾಳೆ."

"ಸುಳ್ಳಾದ್ರೂ ಹೇಳ್ಬಹುದಿತ್ತು."

"ನಿನ್ನ ಹತ್ರ ಸುಳ್ಳಿಂದ ಶುರು ಮಾಡೋಕೆ ಇಷ್ಟ ಇಲ್ಲ."

ಅವನ ಬಾಯಲ್ಲಿ ಮೊದಲ ಸಲ ಬಂದ 'ನಿನ್ನ' ಎಂಬ ಮಾತು ಅವಳ ಕೆನ್ನೆಯನ್ನು ಬೆಚ್ಚಗೆ ಮಾಡಿತು. ಹೇಮಾ ಮುನಿಸು ಬಿಡದೆಯೇ ಸರಿದು, ನಡುವಿನ ಜಾಗವನ್ನು ತುಂಬಿ ಕುಳಿತಳು.