ಹಸಿರು ಗುರುತು ಬಂತು ಎಂದವಳು

"ಈ ಸಹಿ ಯಾರದ್ದು?" ಎಂದು ದೊಡ್ಡ ಮೇಡಂ ಕೇಳಿದಾಗ ಅದು ಯಾರದ್ದೆಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಆದರೂ ಎಲ್ಲರೂ ಮೊಳಕೆ ಎಂದು ಕರೆಯುವ ಹುಡುಗ ಒಂದು ಹೆಜ್ಜೆ ಮುಂದೆ ಬಂದು, "ನಂದೇ ಮೇಡಂ" ಎಂದ.

"ಶನಿವಾರದ ಎಣಿಕೆ ಸಿಂಕ್ ಆಗಿದೆ ಅಂತ ಬರ್ದು ಸಹಿ ಹಾಕಿದೀರಿ. ಕಂಪ್ಯೂಟರಲ್ಲಿ ನೋಡಿದ್ರೆ ನಲವತ್ತು ತಟ್ಟೆದೂ ಖಾಲಿ. ಎಣಿಸಿದ್ರಾ, ಇಲ್ಲ ಎಣಿಸಿದ ಹಾಗೆ ಮಾಡಿ ಮನೆಗೆ ಹೋದ್ರಾ?"

"ಎಣಿಸಿದೀನಿ ಮೇಡಂ."

"ಹಾಗಾದ್ರೆ ಎಲ್ಲಿ ಹೋಯ್ತು?"

ಉತ್ತರ ಅವನು ಕೊಡಬಹುದಿತ್ತು. "ಹಸಿರು ಬಂತು ಅಂತ ಇವರು ಹೇಳಿದ್ರು, ಅದಕ್ಕೇ ಸಹಿ ಹಾಕಿದೆ" ಅಂದಿದ್ದರೆ ಮುಗಿದುಹೋಗುತ್ತಿತ್ತು. ಆ 'ಇವರು' ಅವನಿಂದ ಒಂದು ಮೊಳ ದೂರದಲ್ಲೇ ನಿಂತಿದ್ದಳು. ಮಹರಾಯ ಅವಳ ಕಡೆ ಕತ್ತು ಕೂಡ ತಿರುಗಿಸಲಿಲ್ಲ. "ಸಹಿ ನಂದು ಮೇಡಂ, ತಪ್ಪೂ ನಂದೇ" ಎಂದುಬಿಟ್ಟ.

ನಿಜ ಹೇಳಲೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡ ಮೇಡಂ, "ಗುರುವಾರ ವರದಿ ಕಳಿಸ್ತೀನಿ. ಅಷ್ಟರೊಳಗೆ ಏನಾದ್ರೂ ಹೇಳೋದಿದ್ರೆ ಹೇಳಿ" ಎಂದು ಇಬ್ಬರನ್ನೂ ಹೊರಗೆ ಕಳಿಸಿದರು.

ಅದೊಂದು ಬೀಜ ಪರೀಕ್ಷೆ ಮಾಡುವ ಕೇಂದ್ರ. ಮಾರುವವರು ಕಳಿಸಿದ ಬೀಜಗಳನ್ನು ನೆಲಮಾಳಿಗೆಯಲ್ಲಿ ಒದ್ದೆ ಮರಳಿನ ತಟ್ಟೆಗಳಲ್ಲಿ ಬಿತ್ತುತ್ತಾರೆ. ಎಷ್ಟು ಮೊಳೆತವು ಎಂದು ಎಣಿಸಿ, ಎಣಿಸಿದ್ದನ್ನು ಕಿತ್ತೆಸೆಯುತ್ತಾರೆ. ಹದಿನಾಲ್ಕನೆಯ ದಿನದ ಎಣಿಕೆ ಕೊನೆಯದು; ಆ ಶನಿವಾರದ್ದು ಅದೇ. ಅದಾದ ಮೇಲೆ ತಟ್ಟೆಗಳನ್ನು ತೊಳೆದಿಡುತ್ತಾರೆ. ಅಂದರೆ ಆ ದಿನದ ಲೆಕ್ಕ ಕಳೆದುಹೋದರೆ ಮತ್ತೆ ಎಣಿಸೋಣವೆಂದರೆ ಎಣಿಸಲು ಏನೂ ಇರುವುದಿಲ್ಲ. ಎರಡು ವಾರದ ಕೆಲಸ ನೀರುಪಾಲು.

ಎಣಿಸುವವನು ಅವನು. ಕೆಲಸದಿಂದಲೂ, ಹಿಂದಲೆಯಲ್ಲಿ ಎಷ್ಟು ಬಾಚಿದರೂ ಎದ್ದು ನಿಲ್ಲುವ ಒಂದು ಕೂದಲ ಕುಚ್ಚಿನಿಂದಲೂ ಅವನಿಗೆ ಮೊಳಕೆ ಎಂದು ಹೆಸರು ಬಿದ್ದಿತ್ತು. ಅವನು ಸಂಖ್ಯೆ ಹೇಳಿದಂತೆ ಟ್ಯಾಬಿನಲ್ಲಿ ತುಂಬುವವಳು ಅವಳು. ಅವನ ಬಾಯಲ್ಲಿ ಅವಳು 'ಟ್ಯಾಬ್ ಮೇಡಂ'. ಮನೆಯಲ್ಲಿ ಅಕ್ಕನಿಗೆ ಮಾತ್ರ ಪುಟ್ಟಿ.

ಮೊದಲು ಕಾಗದದಲ್ಲೇ ಬರೆಯುತ್ತಿದ್ದರಂತೆ. ಆ ತೇವಕ್ಕೆ ಕಾಗದ ಬೂಷ್ಟು ಹಿಡಿದು, ಬೂಷ್ಟು ತಟ್ಟೆಗೂ ದಾಟಿತೆಂದು ಕಾಗದವನ್ನೇ ಕೆಳಗೆ ಒಯ್ಯಬಾರದೆಂದು ಆಜ್ಞೆಯಾಯಿತು. ಬಂತು ಆ್ಯಪು. ಆದರೆ ನೆಲಮಾಳಿಗೆಯ ಗೋಡೆ ದಪ್ಪ, ಕೆಳಗೆ ನೆಟ್‌ವರ್ಕ್ ಎಂಬುದೇ ಇಲ್ಲ. ಹಾಗಾಗಿ ತುಂಬಿದ್ದೆಲ್ಲ ಟ್ಯಾಬಿನೊಳಗೇ ಕೂತಿರುತ್ತದೆ, ಪಕ್ಕದಲ್ಲಿ ಕಿತ್ತಳೆ ಬಣ್ಣದ ಚುಕ್ಕೆ. ಸಂಜೆ ಮೆಟ್ಟಿಲು ಹತ್ತಿ ಕಿಟಕಿಯ ಬಳಿ ಬಂದು ನಿಂತರೆ ವೈಫೈ ಸಿಗುತ್ತದೆ. ಲೆಕ್ಕ ಕ್ಲೌಡಿಗೆ ಹೋಗಿ, ಕಿತ್ತಳೆ ಚುಕ್ಕೆ ಹಸಿರಾಗುತ್ತದೆ. ಹಸಿರಾದ ಮೇಲೆ ಮೊಳಕೆ ಅಲ್ಲೇ ಇರುವ ಪುಸ್ತಕದಲ್ಲಿ ಸಹಿ ಹಾಕಬೇಕು.

ಪ್ರೇಮಕ್ಕೆ ಜಾಗ ಬೇಕೆಂದು ಯಾರು ಹೇಳಿದರು? ಅವಳಿಗೆ ಆ ಕಿಟಕಿಯ ಬಳಿಯ ಒಂದು ಮೆಟ್ಟಿಲು ಸಾಕಾಗಿತ್ತು.

ಒಂದು ದಿನ ನೆಟ್‌ವರ್ಕ್ ನಿಜವಾಗಿಯೂ ಕೈಕೊಟ್ಟಿತ್ತು. ಇಪ್ಪತ್ತು ನಿಮಿಷ ಇಬ್ಬರೂ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತು ಒಂದೇ ಚುಕ್ಕೆಯನ್ನು ನೋಡಿದ್ದರು.

"ಏನ್ರೀ ಇದು, ಹೆರಿಗೆ ವಾರ್ಡಿನ ಹೊರಗೆ ನಿಂತ ಹಾಗಾಯ್ತು ನಮ್ಮ ಕಥೆ" ಎಂದಿದ್ದ ಅವನು.

"ನಿಮಗೇನು ಆತುರ, ಮನೇಲಿ ಯಾರಾದ್ರೂ ಕಾಯ್ತಿದಾರಾ?"

"ಒಂದು ಬೆಕ್ಕು. ಅದೂ ನಂಗಲ್ಲ, ಹಾಲಿಗೆ."

ಅವಳು ನಕ್ಕಳು. ನಗುವಾಗ ಅವನು ಚುಕ್ಕೆ ನೋಡುವುದನ್ನು ಬಿಟ್ಟು ತನ್ನನ್ನು ನೋಡುತ್ತಿದ್ದಾನೆಂದು ಕಣ್ಣಂಚಿನಲ್ಲೇ ಕಂಡಳು. ಮರುದಿನ ಹಾಳಾದ ವೈಫೈ ಎರಡೇ ನಿಮಿಷದಲ್ಲಿ ಕೆಲಸ ಮುಗಿಸಿತು. ಅವನು "ಸರಿ, ಬರ್ತೀನಿ" ಎಂದು ಹೊರಟ. ಅವಳು ಟ್ಯಾಬ್ ಹಿಡಿದು ಪೆದ್ದಿಯಂತೆ ನಿಂತಳು. ಅದರ ಮರುದಿನದಿಂದ ಮೆಟ್ಟಿಲು ಹತ್ತುವ ಮುನ್ನವೇ ಹೆಬ್ಬೆರಳಿನಲ್ಲಿ ವೈಫೈ ಆಫ್ ಮಾಡತೊಡಗಿದಳು. ಹತ್ತು ನಿಮಿಷ, ಕೆಲವೊಮ್ಮೆ ಹದಿನೈದು. ಮಾತು ಮುಗಿಯುತ್ತಾ ಬಂತೆನಿಸಿದಾಗ ಮತ್ತೆ ಆನ್. ಎರಡು ತಿಂಗಳು ಹೀಗೇ ನಡೆಯಿತು, ಯಾರಿಗೂ ಏನೂ ನಷ್ಟವಾಗಲಿಲ್ಲ. ಆದ್ದರಿಂದ ಅದನ್ನು ತಪ್ಪು ಎಂದುಕೊಳ್ಳುವ ಗೋಜಿಗೇ ಅವಳು ಹೋಗಲಿಲ್ಲ.

ಆ ಶನಿವಾರ ಅವನು ಮಾಮೂಲಿನಂತೆ ತಮಾಷೆ ಮಾಡಲಿಲ್ಲ. ಕಿಟಕಿಯ ಕಂಬಿ ಹಿಡಿದು, "ನನ್ನ ಕೆಲಸ ಕಾಯಂ ಮಾಡೋ ಕಾಗದ ಮುಂದಿನ ವಾರ ಬರುತ್ತಂತೆ. ಬಂದ್ಮೇಲೆ ನಿಮ್ಮನ್ನ ಒಂದು ಮಾತು ಕೇಳ್ಬೇಕು" ಎಂದ.

"ಈಗ್ಲೇ ಕೇಳಿ."

"ನಾಳೆ ಕೆಲಸ ಇರುತ್ತೋ ಇಲ್ವೋ ಅನ್ನೋನು ಕೇಳೋ ಮಾತಲ್ಲ ಅದು."

ಅವಳ ಕಿವಿ ಬಿಸಿಯಾಯಿತು. ಏನು ಮಾತು ಎಂದು ತಿಳಿಯದಷ್ಟು ಎಳೆಯ ಮಗುವೇನಲ್ಲ ಅವಳು. ಎದೆ ಹೊಡೆದುಕೊಳ್ಳುವುದು ಅವನಿಗೂ ಕೇಳಿಸುತ್ತದೇನೋ ಎಂದು ಟ್ಯಾಬನ್ನು ಅವುಚಿಕೊಂಡಳು. "ಹಸಿರು ಬಂತಾ?" ಎಂದು ಅವನು ಕೇಳಿದ್ದಕ್ಕೆ ನೋಡದೆಯೇ "ಬಂತು" ಎಂದಳು. ಅವನು ಸಹಿ ಹಾಕಿದ.

ವೈಫೈ ಆಫ್ ಆಗಿಯೇ ಇತ್ತು. ಸೋಮವಾರ ಬೆಳಿಗ್ಗೆ, ಅವಳು ಬರುವ ಮೊದಲೇ, ಕಂಪ್ಯೂಟರಿನವರು ಬಂದು ಹೊಸ ಆ್ಯಪ್ ಹಾಕಲೆಂದು ಟ್ಯಾಬನ್ನು ಪೂರ್ತಿ ಅಳಿಸಿದ್ದರು. ಅಳಿಸುವ ಮುನ್ನ ಪಾಪ ಪುಸ್ತಕವನ್ನೂ ನೋಡಿದ್ದರು. ಸಿಂಕ್ ಆಗಿದೆ, ಸಹಿಯಿದೆ. ಅದೇ ದಿನ ದೊಡ್ಡ ಮೇಡಂ ಇಬ್ಬರನ್ನೂ ಕೋಣೆಗೆ ಕರೆಸಿದ್ದು.

ಮಂಗಳವಾರ ಅವನು ತೊಟ್ಟಿಯ ಬಳಿ ತಟ್ಟೆ ಉಜ್ಜುತ್ತಿದ್ದ. ಮೊದಲೇ ತೊಳೆದಿದ್ದ ತಟ್ಟೆಗಳನ್ನೇ ಮತ್ತೆ ಉಜ್ಜುತ್ತಿದ್ದ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ಹಸಿರು ಬಂದಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಆದರೆ ಹೇಳಿದರೆ ವೈಫೈ ಏಕೆ ಆಫ್ ಆಗಿತ್ತೆಂದೂ ಹೇಳಬೇಕು. ಎರಡು ತಿಂಗಳ ಕಳ್ಳಾಟವೆಲ್ಲ ಹೊರಗೆ ಬರಬೇಕು.

"ನೋಡಿದೆ" ಎಂದಳು.

ಅವನ ಮುಖ ಹಗುರವಾಯಿತು. "ಅಷ್ಟು ಸಾಕು ಬಿಡಿ. ಹಾಗಾದ್ರೆ ಆ್ಯಪಿಂದೇ ಏನೋ ದೋಷ. ನನ್ನ ಮೇಲೆ ನಂಗೇ ಅನುಮಾನ ಬಂದಿತ್ತು, ನಿಮ್ಮ ಮೇಲೆ ಬಂದಿರ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ನಂಬಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಮೊದಲ ಸುಳ್ಳು ಗಡಿಬಿಡಿಯಲ್ಲಿ ಬಂದದ್ದು, ಇದು ಬೇಕೆಂದೇ ಹೇಳಿದ್ದು. ತಾನೆಷ್ಟು ಕೆಟ್ಟವಳೆಂದು ಅವಳಿಗೆ ಅಲ್ಲೇ, ಆ ತೊಟ್ಟಿಯ ಪಕ್ಕದಲ್ಲೇ ಗೊತ್ತಾಯಿತು.

ಸಂಜೆ ಮನೆಯಲ್ಲಿ ತಟ್ಟೆಯ ಅನ್ನವನ್ನು ಬರೀ ಕಲಸುತ್ತಾ ಕೂತಳು. ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದ ಅಕ್ಕ ಓರೆಗಣ್ಣಲ್ಲೇ ಎಲ್ಲ ನೋಡಿದಳು.

"ಯಾರೇ ಪುಟ್ಟಿ ಅವನು?"

"ಯಾರೂ ಇಲ್ಲ."

"ಯಾರೂ ಇಲ್ದೇನೇ ತಟ್ಟೆ ಮುಂದೆ ಅರ್ಧ ಗಂಟೆ ಕೂತ್ಕೋತಾರಾ? ಕೈ ಕೊಟ್ನಾ?"

"ಅವನಲ್ಲ ಅಕ್ಕ, ನಾನು" ಎಂದು ಅವಳು ಅತ್ತೇಬಿಟ್ಟಳು. ಅಳುತ್ತಳುತ್ತಲೇ ಎಲ್ಲವನ್ನೂ ಹೇಳಿದಳು.

ಅಕ್ಕ ಮೊದಲು ನಕ್ಕಳು. "ಹತ್ತು ನಿಮಿಷಕ್ಕೋಸ್ಕರ ಇಷ್ಟೆಲ್ಲಾನಾ? ಕಾಫಿಗೆ ಬರ್ತೀರಾ ಅಂತ ಕೇಳಿದ್ರೆ ಆಗ್ತಿರ್ಲಿಲ್ವಾ?" ಆಮೇಲೆ ನಗು ನಿಲ್ಲಿಸಿ ಬೆಳ್ಳುಳ್ಳಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು. "ನೋಡು, ಅವನ ಕೆಲಸ ಹೋದ್ಮೇಲೆ ಅವನು ನಿನ್ನ ಮದ್ವೆ ಆದ ಅಂತಾನೇ ಇಟ್ಕೋ. ದಿನಾ ಅವನ ಮುಖ ನೋಡ್ಕೊಂಡು ಇದನ್ನ ಹೊಟ್ಟೇಲಿಟ್ಕೊಂಡು ಬದುಕ್ತೀಯಾ? ನಿನ್ನ ಕೈಲಾಗಲ್ಲ. ನಂಗೊತ್ತು ನಿನ್ನ."

ಬುಧವಾರ ಬೆಳಿಗ್ಗೆ ಅವನು ನೆಲಮಾಳಿಗೆಗೆ ಇಳಿಯುವ ಮುನ್ನವೇ ಮೆಟ್ಟಿಲ ಬಳಿ ಅವನನ್ನು ತಡೆದಳು. ನೆಲ ನೋಡಿಕೊಂಡು, ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಹಸಿರು ಬಂದಿರಲಿಲ್ಲ, ನಾನು ನೋಡಿರಲಿಲ್ಲ, ನಿನ್ನೆ ಕೇಳಿದಾಗಲೂ ಸುಳ್ಳು ಹೇಳಿದೆ, ವೈಫೈ ನಾನೇ ಆಫ್ ಮಾಡುತ್ತಿದ್ದೆ.

"ಯಾಕೆ?" ಎಂದ ಅವನು.

ಅದೊಂದನ್ನು ಹೇಳಲು ನಾಲಿಗೆ ಹೊರಳಲಿಲ್ಲ.

ಅವನು ಮೆಲ್ಲಗೆ ಹೇಳಿದ: "ಎರಡು ದಿನದಿಂದ ಎಲ್ರೂ ನನ್ನ ಕಳ್ಳನ ಥರ ನೋಡ್ತಿದಾರೆ. ಎಣಿಸ್ದೇ ಸಹಿ ಹಾಕ್ದೋನು ಅಂತ. ನೀವು ಅದನ್ನ ನೋಡ್ತಾ ನಿಂತಿದ್ರಿ."

ದನಿ ಏರಿಸಲಿಲ್ಲ. ಅವಳ ಪಕ್ಕದಿಂದ ಗೋಡೆಗೆ ಒತ್ತಿಕೊಂಡು, ಸೆರಗು ಕೂಡ ತಾಗದಂತೆ ಕೆಳಗಿಳಿದು ಹೋದ. ಅವಳು ಅಲ್ಲಿಂದ ನೇರ ದೊಡ್ಡ ಮೇಡಂ ಕೋಣೆಗೆ ಹೋದಳು.

ದೊಡ್ಡ ಮೇಡಂ ಕನ್ನಡಕದ ಮೇಲಿಂದ ನೋಡುತ್ತಾ ಎಲ್ಲ ಕೇಳಿದರು. "ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ, ಬರ್ದು ಕೊಡಿ" ಎಂದು ಒಂದು ಹಾಳೆ ತಳ್ಳಿದರು.

ಅವಳು ಬರೆದುಕೊಟ್ಟಳು. ಮೇಡಂ ಓದಿ ವಾಪಸ್ಸು ಕೊಟ್ಟರು.

"ವೈಫೈ ಆಫ್ ಮಾಡುತ್ತಿದ್ದೆ ಅಂತಿದೆ. ಯಾಕೆ ಅಂತ ಇಲ್ಲ. ಕಾರಣ ಇಲ್ದಿದ್ರೆ ಮೇಲಿನೋರು ಇದನ್ನ ನಂಬಲ್ಲ, ಅವನನ್ನ ಉಳಿಸೋಕೆ ಕಟ್ಟಿದ ಕಥೆ ಅಂತಾರೆ."

"ಕಾರಣ ಬರೀಲೇಬೇಕಾ ಮೇಡಂ?"

"ಅವನ ಕೆಲಸ ಉಳೀಬೇಕಾ, ಬೇಡ್ವಾ?"

ಇಷ್ಟು ದಿನ ಅವನ ಎದುರು ಆಡಲಾಗದ ಮಾತನ್ನು ಈಗ ಕಚೇರಿಯ ಕಾಗದದ ಮೇಲೆ, ದಿನಾಂಕ ಹಾಕಿ, ಸಹಿ ಮಾಡಿ ಬರೆಯಬೇಕಿತ್ತು. ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಪೆನ್ನು ಊರಿದಳು: "ಹಸಿರು ಗುರುತು ಬಂದ ಕೂಡಲೇ ಅವರು ಹೊರಟುಬಿಡುತ್ತಿದ್ದರು. ಅವರ ಜೊತೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕೆಂಬ ಆಸೆಯಿಂದ ಹೀಗೆ ಮಾಡಿದೆ. ಅವರಿಗೆ ಇದು ತಿಳಿದಿರಲಿಲ್ಲ. ಶನಿವಾರ ಅವರು ನಲವತ್ತು ತಟ್ಟೆಗಳನ್ನೂ ಎಣಿಸಿದ್ದಾರೆ, ನಾನು ಸಾಕ್ಷಿ. ತಪ್ಪು ಪೂರ್ತಿ ನನ್ನದು."

ದೊಡ್ಡ ಮೇಡಂ ಓದಿದರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಇಂಥ ವಿವರಣೆ ಅವರ ಮೇಜಿಗೆ ಬಂದಿರಲಿಕ್ಕಿಲ್ಲ. ಹಾಳೆಯನ್ನು ಕಡತದೊಳಗಿಟ್ಟರು. ಗುರುವಾರ ಬೆಳಿಗ್ಗೆ ಇಬ್ಬರನ್ನೂ ಕರೆಸಿ ತೀರ್ಮಾನ ಹೇಳಿದರು: ಪರೀಕ್ಷೆ ಮೊದಲಿನಿಂದ ಆಗಬೇಕು. ಮೊಳಕೆಯ ಮೇಲೆ ದೂರಿಲ್ಲ, ಆದರೆ ಚುಕ್ಕೆಯನ್ನು ತಾನೇ ನೋಡದೆ ಸಹಿ ಹಾಕಿದ್ದಕ್ಕೆ ಕಾಯಂ ಕಾಗದ ಒಂದು ತಿಂಗಳು ತಡವಾಗುತ್ತದೆ. ಅವಳಿಗೆ ಎಚ್ಚರಿಕೆ ಪತ್ರ, ಜೊತೆಗೆ ನಾಳೆಯಿಂದ ಪಾರ್ಸೆಲ್ ವಿಭಾಗ. ನೆಲಮಾಳಿಗೆಯ ಮೆಟ್ಟಿಲು ಇಳಿಯುವ ಹಾಗಿಲ್ಲ.

ಅವಳು ತಲೆಯಾಡಿಸಿದಳು. ಇಷ್ಟಕ್ಕೇ ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಮೇಡಂ ಆ ಹಾಳೆಯನ್ನು ಅವನ ಮುಂದಿಟ್ಟರು.

"ಓದಿ, ಕೆಳಗೆ ನಿಮ್ಮ ಹೇಳಿಕೆ ಬರೀರಿ. ವಿಚಾರಣೆ ಅಂದ್ಮೇಲೆ ಎರಡೂ ಕಡೇದು ಬೇಕು."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಅವನು ನಿಂತುಕೊಂಡೇ ಓದಿದ. ಮತ್ತೊಮ್ಮೆ ಓದಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಆಮೇಲೆ ಬಗ್ಗಿ, ತಟ್ಟೆಗಳಿಗೆ ನಂಬರು ಬರೆಯುವ ಹಾಗೆ ದುಂಡಗೆ, ನಿಧಾನವಾಗಿ ಬರೆದ.

ಮೇಡಂ ಅದನ್ನು ಓದಿ ಕನ್ನಡಕ ತೆಗೆದರು. "ನೀವೂ ಓದಿದೀರಿ ಅಂತ ಸಹಿ ಹಾಕ್ಬೇಕಮ್ಮ" ಎಂದು ಹಾಳೆಯನ್ನು ಅವಳ ಕೈಗಿತ್ತು, ಯಾರನ್ನೋ ಹುಡುಕುವವರಂತೆ ಕಿಟಕಿಯಾಚೆ ನೋಡತೊಡಗಿದರು.

ಅವನು ಬರೆದದ್ದು ಇಷ್ಟು: "ಓದಿದ್ದೇನೆ. ಎಣಿಕೆ ಹೋದದ್ದಕ್ಕೆ ಕೋಪವಿದೆ. ಮಂಗಳವಾರ ಸುಳ್ಳು ಹೇಳಿದ್ದಕ್ಕೆ ಅದಕ್ಕಿಂತ ಹೆಚ್ಚು ಕೋಪವಿದೆ, ಅದು ಬೇಗ ಹೋಗುವುದಿಲ್ಲ. ಇರಿ ಎಂದಿದ್ದರೆ ಸಾಕಿತ್ತು, ಇರುತ್ತಿದ್ದೆ."

ಅಕ್ಷರಗಳು ಮಂಜಾದವು. ಹೇಗೋ ಸಹಿ ಹಾಕಿದಳು. ಅವಳು ಹೊರಗೆ ಬರುವಷ್ಟರಲ್ಲಿ ಅವನು ಕಾರಿಡಾರಿನ ಅರ್ಧ ದಾಟಿದ್ದ. ಹೊಸ ಮರಳು ತುಂಬಬೇಕಿತ್ತು, ನಲವತ್ತು ತಟ್ಟೆಗೂ.

ಕರೆಯಲು ತನಗೆ ಯಾವ ಹಕ್ಕಿದೆ ಎಂದು ಒಂದು ಕ್ಷಣ ಹಿಂಜರಿದಳು. ಹಿಂಜರಿದೇ ತಾನೇ ಇಷ್ಟೆಲ್ಲ ಆದದ್ದು.

"ರೀ, ಒಂದು ನಿಮಿಷ ಇರಿ" ಎಂದಳು.

ಅವನಿಗೆ ಕೋಪ ಇನ್ನೂ ಇತ್ತು. ಆದರೂ ನಿಂತ.