ಏಳು ಸಲ ಒತ್ತಿದ ಬಟನ್

ಮಚ್ಚು ನನ್ನ ಕುತ್ತಿಗೆಯ ಮೇಲಿರಲಿಲ್ಲ.

ನನ್ನ ಲ್ಯಾಪ್‌ಟಾಪ್ ಮೇಲಿತ್ತು!

ಕುತ್ತಿಗೆಯ ಮೇಲಿದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಐವತ್ತೆಂಟು ವರ್ಷ ತಿರುಗಿಸಿ ತಿರುಗಿಸಿ ಸವೆದ ಕುತ್ತಿಗೆ. ಆದರೆ ಆ ಲ್ಯಾಪ್‌ಟಾಪ್ ಒಳಗೆ ಒಂದು ಕೆಲಸ ಅರ್ಧಕ್ಕೆ ನಿಂತಿತ್ತು...

"ವೇದಕ್ಕ, ಹತ್ತು ನಿಮಿಷ ಟೈಮು," ಎಂದ ಮೋಹನ್ ಕುಮಾರ್.

"ಹತ್ತು ನಿಮಿಷದಾಗೆ ಅನ್ನಾನೂ ಬೇಯಕ್ಕಿಲ್ಲ ಕಣಪ್ಪ."

"ತಮಾಷೆ ಬ್ಯಾಡ! ಗೂಗಲ್ ಪ್ರಾಬ್ಲಮ್ಮು, ಗೂಗಲ್ ಪ್ರಾಬ್ಲಮ್ಮು ಅಂತ ಒಂದು ವರ್ಷದಿಂದ ನಮ್ಮ ಕಿವಿ ಮೇಲೆ ಹೂ ಮಡಗ್ದೆ. ತುಮಕೂರಿನ ಎಕ್ಸ್‌ಪರ್ಟ್ ನೋಡಿ ಹೇಳ್ದ. ಪ್ರಾಬ್ಲಮ್ಮು ಗೂಗಲ್ದಲ್ಲ, ನಿಂದು!"

"ಏನ್ ಬೇಕು?"

"ಮಾವನ ವೆಬ್‌ಸೈಟು ಗೂಗಲ್ನಾಗೆ ಮೊದಲ್ನೇ ಜಾಗದಾಗೇ ಇರ್ಬೇಕು. ನೀನು ಕಿತ್ತಾಕಿರೋ ಫೋನ್ ಬಟನ್ ವಾಪಸ್ ಬರ್ಬೇಕು. ಎರಡ್ನೇ ಜಾಗಕ್ಕೆ ಬಂದೈತಲ್ಲ, ಆ ಹುಲಿಕುಂಟೆ ನರ್ಸಮ್ಮನ ಸೈಟು... ಅದು ಮಾಯ ಆಗ್ಬೇಕು!"

ಮಚ್ಚಿನ ತುದಿ ಕೀಬೋರ್ಡಿನ ಮೇಲೆ ಟಕ್ ಎಂದಿತು.

ನಾನು ವೇದಾವತಿ. ಮಧುಗಿರಿಯಲ್ಲಿ, ಬಾಗಿಲಿಗೆ ಬಂದರೆ ಬೆಟ್ಟ ಎದೆಗೆ ಬಡಿಯುವಂಥ ಬೀದಿಯಲ್ಲಿ, ನನ್ನ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್ ಎಂದಿದೆ. ಒಳಗಿನ ಕಸುಬು ಬೇರೆ. ಸಣ್ಣ ವೆಬ್‌ಸೈಟುಗಳನ್ನು ಗೂಗಲ್‌ನಲ್ಲಿ ಮೇಲಕ್ಕೆ ಎತ್ತುವುದು! ಬೋರ್‌ವೆಲ್ ಗಾಡಿಯವರು, ಕುರಿ ವ್ಯಾಪಾರಿಗಳು, ಛತ್ರದವರು... ಎಲ್ಲರೂ ನನ್ನ ಗಿರಾಕಿಗಳೇ. ಅದಕ್ಕೆ ಟೂಲ್‌ಗಳಿವೆ. ಜನ ಯಾವ ಮಾತು ಹಾಕಿ ಹುಡುಕುತ್ತಾರೆ ಎಂದು ಒಂದು ಹೇಳುತ್ತದೆ. ಪೇಜು ತೆರೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ಇನ್ನೊಂದು. ಯಾವ ಊರಿನವರು, ಎಷ್ಟು ಗಂಟೆಗೆ, ಎಲ್ಲಿ ಬೆರಳಿಟ್ಟರು... ಅದನ್ನು ಹೇಳುವುದು ಮತ್ತೊಂದು.

ಆ ಕೊನೆಯದ್ದೇ ನನ್ನನ್ನು ತಿಂದದ್ದು.

ಎರಡು ವರ್ಷದ ಹಿಂದೆ ಕೊರಟಗೆರೆ ತಾಲ್ಲೂಕು ಕೊಳಾಲದ ಕಡೆಯಿಂದ ಚನ್ನಮಲ್ಲಯ್ಯ ಬಂದ. ಇದೇ ಮೋಹನ್ ಕುಮಾರನ ಮಾವ. ವಿಷ ಇಳಿಸುವ ನಾಟಿ ವೈದ್ಯ. ಬೇರು, ಬೂದಿ, ಮಂತ್ರ!

"ನನ್ನ ಸೈಟು ಮ್ಯಾಲೆ ಬರ್ಬೇಕು ಕಣಮ್ಮ," ಎಂದ.

ನಿನ್ನ ಬೇರಿನಿಂದ ಯಾರಾದರೂ ಬದುಕಿದ್ದಾರೇನಯ್ಯ ಎಂದು ನಾನು ಕೇಳಲಿಲ್ಲ. ನನ್ನ ಕಸುಬು ಎತ್ತುವುದು. ಏನನ್ನು ಎತ್ತುತ್ತಿದ್ದೇನೆ ಎಂದು ನೋಡುವುದಲ್ಲ!

ಬೇರೆ ಸೈಟುಗಳೆಲ್ಲ 'ಹಾವು ಕಡಿತ' ಎಂದು ಬರೆದಿದ್ದವು. ದಡ್ಡರು! ನಮ್ಮ ಕಡೆ ಅದರ ಹೆಸರು ಹಿಡಿಯುವುದಿಲ್ಲ. ಹೆಸರೆತ್ತಿದರೆ ಮತ್ತೊಂದು ಬರುತ್ತದಂತೆ. ಕಾಲು ಊದಿ ಕುಂಬಳಕಾಯಿ ಆಗಿದ್ದರೂ "ಹುಳ ಮುಟ್ತು" ಎನ್ನುತ್ತಾರೆ. ಪಾವಗಡದಿಂದಾಚೆ ತೆಲುಗಿನಲ್ಲಿ "ಪುರುಗು ಮುಟ್ಟಿಂದಿ." ಮನುಷ್ಯರ ಹತ್ತಿರ ಹೇಗೋ ಫೋನಿನ ಹತ್ತಿರವೂ ಹಾಗೇ. ಟೂಲ್‌ಗೆ ಹಾಕಿ ನೋಡಿದೆ... ನಾಲ್ಕು ತಾಲ್ಲೂಕೂ ಹುಡುಕುತ್ತಿರುವುದು ಅದೇ ಮಾತು. ಒಂದು ಸೈಟಿನಲ್ಲೂ ಆ ಮಾತಿಲ್ಲ!

ಚನ್ನಮಲ್ಲಯ್ಯನ ಸೈಟಿನ ನೆತ್ತಿಯ ಮೇಲೆ ಎರಡನ್ನೂ ಬರೆದೆ.

ಮೂರೇ ವಾರ. ಮೊದಲ ಸ್ಥಾನ! ಬೀದಿಗೆಲ್ಲ ಮೈಸೂರುಪಾಕು ಹಂಚಿದೆ.

ಅವನಿಗೆ ಇಮೇಲ್ ಇರಲಿಲ್ಲ. ಸೈಟಿನ ವಿಳಾಸವನ್ನು ನನ್ನ ಹೆಸರಿನಲ್ಲೇ ನೋಂದಾಯಿಸಿದ್ದೆ. ನಮ್ಮ ಕಡೆ ಎಲ್ಲರೂ ಹೀಗೇ. ಟೆಸ್ಟಿಂಗ್‌ಗೆಂದು ಕರೆ ಬಟನ್‌ಗೂ ನನ್ನ ನಂಬರನ್ನೇ ಹಾಕಿದ್ದೆ.

ಬದಲಾಯಿಸುವುದು ಮರೆತೆ.

ಹೋದ ವರ್ಷ ಆಗಸ್ಟಿನಲ್ಲಿ ರಿಪೋರ್ಟು ತೆಗೆದೆ. ಕರೆ ಬಟನ್: ಏಳು. ಊರು: ಪಾವಗಡ. ಬೆಳಗ್ಗೆ ಒಂಬತ್ತು ನಲವತ್ತೆರಡರಿಂದ ಒಂಬತ್ತು ಐವತ್ಮೂರು.

ಭಲೇ ಎಂದುಕೊಂಡೆ. ಆಮೇಲೆ, ಆ ಬಟನ್‌ನಲ್ಲಿರುವುದು ಯಾರ ನಂಬರು?... ನನ್ನ ಫೋನ್ ತೆರೆದೆ. ಅದೇ ದಿನ, ಅದೇ ಹೊತ್ತು.

ಏಳು ಮಿಸ್ಡ್ ಕಾಲ್!

ನೆನಪಾಯಿತು. ಯಾರದೋ ಮದುವೆ ಕಾರ್ಡು ಪ್ರಿಂಟು ಹಾಕುತ್ತಿದ್ದೆ. ಗೊತ್ತಿಲ್ಲದ ನಂಬರು. ಜಾಹೀರಾತಿನವರ ಕಾಟ ಎಂದು ಫೋನನ್ನು ಬೋರಲು ಹಾಕಿದ್ದೆ.

ವಾಪಸ್ ಮಾಡಿದೆ. ಹೆಂಗಸಿನ ದನಿ.

"ಯಾರವ್ವ?"

"ಈ ನಂಬರಿಂದ ನಂಗೆ ಕಾಲ್ ಬಂದಿತ್ತು..."

"ಬಂದಿತ್ತು ಕಣವ್ವ. ನಾನು ನಿಡುಗಲ್ಲಿನ ಚಿಕ್ಕಹನುಮಕ್ಕ. ನಮ್ಮ ಓಬಳಯ್ಯಂಗೆ ಕಳೆ ಕೀಳ್ವಾಗ ಹುಳ ಮುಟ್ಬುಡ್ತು. ಆಟೋದೋನು ಆಸ್ಪತ್ರೆಗೆ ಹೋಗನ ಅಂದ. ನಾನೇ, ತಾಳಪ್ಪ, ಫೋನಾಗೆ ಮೊದ್ಲು ಬಂದೋರು ಏನಂತಾರೋ ಕೇಳನ ಅಂದೆ..."

ಅಂಗಡಿಯ ಬಾಗಿಲನ್ನು ಮುಂದಕ್ಕೆ ಎಳೆದೆ.

"ಈಗ್ಯಾಕೆ ಮಾಡಿದ್ದೀಯವ್ವ? ಮಣ್ಣು ಮಾಡಿ ಮೂರು ದಿನ ಆಯ್ತು."

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಂದಿನಿಂದ ದಿನಾ ಒಂಬತ್ತು ನಲವತ್ತೆರಡಕ್ಕೆ ನನ್ನ ಫೋನ್ ಬಡಿದುಕೊಳ್ಳುತ್ತದೆ. ಸ್ವಿಚ್ ಆಫ್ ಮಾಡಿಟ್ಟರೂ! ಎಣಿಸುತ್ತೇನೆ. ಏಳಕ್ಕೆ ನಿಲ್ಲುತ್ತದೆ.

ಬಟನ್ ಅಂದೇ ಕಿತ್ತೆ. ಸೈಟನ್ನೇ ಯಾಕೆ ಕೀಳಲಿಲ್ಲ ಅಂತೀರಾ? ಹೆದರಿಕೆ... ಸುಳ್ಳು ಯಾಕೆ? ಇನ್ನೊಂದು ಕಾರಣವೂ ಇತ್ತು. ಅವನ ಕೆಳಗೆ ಅಂಥವೇ ಮೂರು ಕಾದು ಕೂತಿದ್ದವು. ಒಬ್ಬನನ್ನು ಇಳಿಸಿದರೆ ಇನ್ನೊಬ್ಬ ಹತ್ತುತ್ತಾನೆ. ನಿಜ ಹೇಳುವ ಸೈಟು ಬೇಕಿತ್ತು.

ಸಿಕ್ಕಿತು. ನಲವತ್ಮೂರನೇ ಸ್ಥಾನದಲ್ಲಿ!

ಸಿರಾ ತಾಲ್ಲೂಕಿನ ಹುಲಿಕುಂಟೆ ಕಡೆಯ ಸರ್ಕಾರಿ ಆಸ್ಪತ್ರೆಯ ನರ್ಸು ಆಶಾರಾಣಿ ನಡೆಸುವ ಸೈಟು. ಇವತ್ತು ಯಾವ ಆಸ್ಪತ್ರೆಯಲ್ಲಿ ವಿಷಕ್ಕೆ ಮದ್ದಿದೆ ಎಂದು ದಿನಾ ಬೆಳಗ್ಗೆ ತಾನೇ ವಿಚಾರಿಸಿ ಹಾಕುತ್ತಿದ್ದಳು. ಆದರೆ ಹೆಸರೇನು? 'ಸರ್ಪದಂಶ ಜಾಗೃತಿ ಹಾಗೂ ಪ್ರಥಮ ಚಿಕಿತ್ಸಾ ಮಾಹಿತಿ ಕೋಶ'! ತೆರೆಯಲು ಹತ್ತೊಂಬತ್ತು ಸೆಕೆಂಡು. ದೀಪ ಹಚ್ಚುತ್ತಿರುವ ಹನ್ನೆರಡು ಗಣ್ಯರ ದೊಡ್ಡ ಫೋಟೋ ಮೊದಲು ಇಳಿಯಬೇಕು. ಅಷ್ಟರಲ್ಲಿ ವಿಷ ಏರಿರುತ್ತದೆ.

ಅವಳ ಹತ್ತಿರ ಹೋಗಿ ಕೇಳಿ ಗಣ್ಯರನ್ನು ಕಿತ್ತೆ, ಆ ಜಾಗದಲ್ಲಿ ಅವಳ ನಂಬರಿನ ಕರೆ ಬಟನ್ ಇಟ್ಟೆ. ಎರಡು ಸೆಕೆಂಡಿಗೆ ಇಳಿಯಿತು. ಹೆಸರು ಬದಲಾಯಿಸಿದೆ... 'ಹುಳ ಮುಟ್ಟಿದರೆ.'

"ಅಕ್ಕ, ಸರ್ಕಾರಿ ನರ್ಸು ನಾನು. ಇಂಗೆಲ್ಲ ಬರೆದ್ರೆ ನಗ್ತಾರೆ!"

"ನಗೋರು ಬದುಕಿರ್ತಾರೆ ಕಣಮ್ಮ. ನಗ್ಲಿ ಬುಡು."

ಹಾಲಿನ ಸಂಘ, ಶಾಲೆ, ಪಂಚಾಯ್ತಿ... ಸೈಟಿದ್ದವರ ಮನೆಬಾಗಿಲಿಗೆ ಹೋಗಿ, ಇವಳ ಲಿಂಕು ಹಾಕಿ ಎಂದು ಕಾಡಿದೆ. ನಾಲ್ಕು ಕಡೆಯವರು ತೋರಿಸಿದ ಸೈಟನ್ನೇ ಗೂಗಲ್ ನಂಬುವುದು. ನಲವತ್ಮೂರು... ಹತ್ತೊಂಬತ್ತು... ಏಳು... ಎರಡು!

ಅಲ್ಲಿಗೆ ನಿಂತಿತು. ಕಳ್ಳೇಕಾಯಿ ಕೀಳುವ ಕಾಲ ಬಂತು. ಹೊಲದ ತುಂಬ ಬರಿಗಾಲು. ಫೋನಿನಲ್ಲಿ ಮೊದಲು ಬಂದವನು ಚನ್ನಮಲ್ಲಯ್ಯ! ಉಳಿದದ್ದು ಒಂದೇ ದಾರಿ. ಆ ಬೆಳಗ್ಗೆ ಅದನ್ನೇ ಮಾಡುತ್ತಿದ್ದೆ. ಅರ್ಧ ಆಗಿತ್ತು.

ಆಗಲೇ ಮಚ್ಚು ಬಂದದ್ದು.

"ಆಯ್ತು ಕೂತ್ಕೋ," ಎಂದೆ ಮೋಹನ್ ಕುಮಾರನಿಗೆ.

ಮಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವನ ಕಣ್ಣೆದುರಿಗೇ ಉಳಿದರ್ಧ ಮುಗಿಸಿದೆ. ಎರಡೇ ಸಾಲು. ಇನ್ನು ಚನ್ನಮಲ್ಲಯ್ಯನ ಹೆಸರು ಒತ್ತಿದವರು ನೇರ ಆಶಾರಾಣಿಯ ಪೇಜಿಗೆ ಬೀಳುತ್ತಾರೆ. ಅವನ ಸೈಟಿನ ಬಲವೂ ದಿನ ಕಳೆದಂತೆ ಅವಳದಾಗುತ್ತದೆ!

ಗೂಗಲ್ ತೆಗೆದು ತೋರಿಸಿದೆ. "ಓದು. ಮೊದಲ್ನೇ ಹೆಸರು ಯಾರ್ದು?"

"ಮಾವಂದು. ನರ್ಸಮ್ಮಂದೂ ಐತಲ್ಲ?"

"ಗೂಗಲ್ ಪ್ರಾಬ್ಲಮ್ಮು. ಸಾಯಂಕಾಲಕ್ಕೆ ಹೋಗ್ತದೆ."

"ಬಟನ್ನು?"

"ಅರ್ಧ ಗಂಟೆ ಬುಟ್ಟು ಒತ್ತು. ಈಗ್ಲೇ ಒತ್ತಿದ್ರೆ ಕೆಡ್ತದೆ."

ಹೋದ! ಜೀಪಿನ ಸದ್ದು ತಿರುವು ದಾಟಿತು. ಆಶಾರಾಣಿಗೆ ಫೋನ್ ಮಾಡಿದೆ. ಸಿಗಲಿಲ್ಲ. ಮತ್ತೆ... ಸಿಗಲಿಲ್ಲ. ಒತ್ತುತ್ತಲೇ ಹೋದೆ.

ಏಳು ಸಲ!

ನಾಲ್ಕು ತಾಲ್ಲೂಕಿನ ಕರೆಗಳನ್ನು ಅವಳ ಕಡೆ ತಿರುಗಿಸಿಬಿಟ್ಟಿದ್ದೇನೆ. ಅವಳೂ ಫೋನ್ ಬೋರಲು ಹಾಕಿದ್ದರೆ?

ಸ್ಕೂಟರ್ ಹತ್ತಿದೆ. ಸಿರಾ ರಸ್ತೆ. ಬಡವನಹಳ್ಳಿ ದಾಟಿದ್ದೆನೋ ಇಲ್ಲವೋ... ಕನ್ನಡಿಯಲ್ಲಿ ಜೀಪು! ಅರ್ಧ ಗಂಟೆ ಕಾಯುವ ಜಾತಿಯಲ್ಲ ಅವನು. ಒತ್ತಿ ನೋಡಿದ್ದಾನೆ!

ಹಾರನ್. ಮತ್ತೆ ಹಾರನ್. ಹಿಂದಿನಿಂದ ಗುದ್ದಿದ! ಫುಟ್‌ರೆಸ್ಟ್ ಹಾರಿಹೋಯಿತು. ಸ್ಕೂಟರ್ ಹಾವಿನಂತೆ... ನೋಡಿ, ಹೆಸರು ಬಂದುಬಿಟ್ಟಿತು!

ಹುಲಿಕುಂಟೆ ಹತ್ತಿರ ರಸ್ತೆ ತುಂಬ ಕುರಿ. ಇನ್ನೂರು ಮುನ್ನೂರು. ನುಗ್ಗಿದೆ.

"ಯಮ್ಮೋ! ಮರಿಗಳವೆ ಕಣಮ್ಮೋ, ಕಣ್ ಕಾಣಕ್ಕಿಲ್ವಾ!" ಕುರಿಯವನು ಕೋಲೆತ್ತಿದ.

"ಹಿಂದ್ಲೋನಿಗೆ ಹೇಳಣ್ಣ!"

ಸ್ಕೂಟರ್ ನುಸುಳಿತು. ಜೀಪು ಉಣ್ಣೆಯಲ್ಲಿ ಹೂತುಹೋಯಿತು.

ಆಸ್ಪತ್ರೆ. ಓಡಿದೆ. ಆಶಾರಾಣಿ ಕಿಟಕಿಯ ಹತ್ತಿರ ನಿಂತಿದ್ದಳು. ಕಿವಿಯಲ್ಲಿ ಫೋನ್!

"ಯಾಕಮ್ಮ ಎತ್ಲಿಲ್ಲ ನೀನು?"

ಸುಮ್ಮನಿರು ಎಂದು ಬೆರಳೆತ್ತಿದಳು. ಫೋನಿಗೆ ಹೇಳುತ್ತಿದ್ದಳು. "ಕಾಲು ಅಲ್ಲಾಡಿಸ್ಬೇಡಿ. ಬಿಗಿಯಾಗಿ ಏನೂ ಕಟ್ಬೇಡಿ. ಪಾವಗಡದಾಗೆ ಮದ್ದೈತೆ, ನಾನು ಹೇಳಿದ್ದೀನಿ, ಕಾಯ್ತಾ ಅವ್ರೆ... ಇಲ್ಲ, ಇಡಲ್ಲ. ನೀವು ಮುಟ್ಟೋಗಂಟ ನಾನು ಫೋನ್ ಇಡಲ್ಲ."

ಮುಕ್ಕಾಲು ಗಂಟೆಯಿಂದ ಅದೇ ಕರೆಯಂತೆ. ಅದಕ್ಕೇ ನನಗೆ ಸಿಗಲಿಲ್ಲ.

ನೆಲದ ಮೇಲೆ ಕೂತುಬಿಟ್ಟೆ.

ಬಾಗಿಲಲ್ಲಿ ಮೋಹನ್ ಕುಮಾರ್. ಮೈಯೆಲ್ಲ ಕುರಿಗೊಬ್ಬರದ ವಾಸನೆ. ಕೈಯಲ್ಲಿ ಮಚ್ಚು!

"ಮಾವನ ಸೈಟು ಕದ್ದುಬುಟ್ಟೆ! ನಡಿ, ಪೊಲೀಸ್ ಕಂಪ್ಲೇಂಟು!"

ಎದ್ದೆ. ಹದಿನಾಲ್ಕು ತಿಂಗಳಿಂದ ಚೀಲದಲ್ಲಿ ಹೊತ್ತು ತಿರುಗಿದ, ಆ ಆಗಸ್ಟಿನ ರಿಪೋರ್ಟಿನ ಹಾಳೆಯನ್ನು ಬಿಚ್ಚಿದೆ.

"ನಡಿ. ಸೈಟು ನನ್ನ ಹೆಸರಲ್ಲೈತೆ. ಇದೂ ಐತೆ. ಏಳು ಕರೆ, ಒಂದು ಹೆಣ. ಬಟನ್ ಒಳಗೆ ನನ್ನ ನಂಬರು, ಬಟನ್ ಮ್ಯಾಲೆ ನಿನ್ನ ಮಾವನ ಹೆಸರು. ಇಬ್ರೂ ನಿನ್ನ ಜೀಪಲ್ಲೇ ಹೋಗನ ಬಾ!"

ಓದಿದ. ಎರಡನೇ ಸಲ ಓದಿದ. ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಕೆಮ್ಮುವುದನ್ನು ಮರೆತು ಅವನನ್ನೇ ನೋಡುತ್ತಿದ್ದರು.

"ಮಚ್ಚು ಆಚೆ ಮಡಗು," ಎಂದಳು ಆಶಾರಾಣಿ, ಫೋನಿಗೆ ಕೈ ಅಡ್ಡ ಹಿಡಿದು. "ಇದು ಆಸ್ಪತ್ರೆ."

ಮಚ್ಚು ಕೆಳಗಿಳಿಯಿತು. ಹೊರಟುಹೋದ. ಮಚ್ಚು ಹಿಡಿದವರಿಗೂ ಭಯವಿರುತ್ತದೆ... ಲಿಖಿತದಲ್ಲಿ ತೋರಿಸಬೇಕು, ಅಷ್ಟೇ!

ಮರುದಿನ ನಿಡುಗಲ್ಲಿಗೆ ಹೋಗಿ ಆ ಹಾಳೆಯನ್ನು ಚಿಕ್ಕಹನುಮಕ್ಕನಿಗೇ ಕೊಟ್ಟೆ. ಎಲ್ಲ ಹೇಳಿದೆ. ಠಾಣೆಗೆ ಕೊಡುತ್ತಾಳೋ, ಒಲೆಗೆ ಹಾಕುತ್ತಾಳೋ... ಅವಳಿಗೆ ಬಿಟ್ಟದ್ದು. ಹಾಳೆಯನ್ನು ಮಡಿಸಿ ಸೆರಗಿಗೆ ಗಂಟು ಹಾಕಿಕೊಂಡಳು. ಕುಡಿಯಲು ನೀರು ಕೊಟ್ಟಳು. 

ಸಾಯಂಕಾಲ ಅಂಗಡಿಯಲ್ಲಿ ಟೂಲ್ ತೆರೆದೆ. ಆಶಾರಾಣಿಯ ಸೈಟು, ನಿನ್ನೆಯ ಲೆಕ್ಕ. ಕರೆ ಬಟನ್: ಒಂದು. ಊರು: ಪಾವಗಡ.

ಒಂದೇ! ಮೊದಲ ಸಲಕ್ಕೇ ಎತ್ತಿದ್ದಾರೆ. ಆಶಾರಾಣಿ ಪಾವಗಡಕ್ಕೆ ವಿಚಾರಿಸಿ ಹೇಳಿದಳು, ಆ ಮನುಷ್ಯ ಬದುಕಿದ್ದಾನೆ.

ಚನ್ನಮಲ್ಲಯ್ಯನ ರಿಪೋರ್ಟಿನಲ್ಲಿ ಹಳೆಯ ಸಾಲನ್ನು ಹುಡುಕಿದೆ. ಒಂಬತ್ತು ನಲವತ್ತೆರಡು, ಪಾವಗಡ, ಏಳು... ಇಲ್ಲ! ಹದಿನಾಲ್ಕು ತಿಂಗಳಾದರೆ ಟೂಲ್ ತಾನಾಗಿಯೇ ಎಲ್ಲ ಮರೆತುಬಿಡುತ್ತದಂತೆ.

ನನ್ನಲ್ಲೂ ಆ ಸೆಟ್ಟಿಂಗ್ ಎಲ್ಲಿದೆ ಎಂದು ಹುಡುಕುತ್ತಲೇ ಇದ್ದೇನೆ... ದಿನಾ, ಒಂಬತ್ತು ನಲವತ್ತೆರಡಕ್ಕೆ.